ತುತ್ತು ಇಳಿಯುವ ದಾರಿ



ಇಂದಿನ ಆರೋಗ್ಯ ಭಾಷಣದಲ್ಲಿ ಅನ್ನನಾಳದ ವಿಚಾರ ಮಾತನಾಡೋಣ. ಅನ್ನನಾಳದ ಕ್ಯಾನ್ಸರ್ ಎಂಬ ಮಾತನ್ನು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಊರಿನಲ್ಲಿ ಯಾರಿಗೋ ಬಂತು, ಆಸ್ಪತ್ರೆಗೆ ಹೋಗುವಷ್ಟರಲ್ಲಿ ತಡವಾಗಿತ್ತು ಎಂಬ ಸುದ್ದಿಯೂ ಕಿವಿಗೆ ಬಿದ್ದಿರಬಹುದು. ಆದರೆ ಈ ಕ್ಯಾನ್ಸರ್ ಒಂದೇ ದಿನದಲ್ಲಿ ಬರುವುದಿಲ್ಲ. ಆರೋಗ್ಯವಾಗಿರುವ ಅನ್ನನಾಳಕ್ಕೂ ಕ್ಯಾನ್ಸರಿಗೂ ನಡುವೆ ವರ್ಷಗಟ್ಟಲೆ ಉದ್ದದ ಒಂದು ದಾರಿ ಇದೆ. ಆ ದಾರಿಯಲ್ಲಿ ಕಾಲಿಟ್ಟವರೆಲ್ಲ ಕೊನೆ ಮುಟ್ಟುವುದಿಲ್ಲ. ಅನೇಕರು ನಡುವೆಯೇ ನಿಲ್ಲುತ್ತಾರೆ, ಕೆಲವರನ್ನು ಚಿಕಿತ್ಸೆಯಿಂದ ಹಿಂದಕ್ಕೆ ಕರೆತರಬಹುದು. ಕ್ಯಾನ್ಸರಿಗೆ ಮುಂಚಿನ ಈ ಬದಲಾವಣೆಗಳು ಯಾವುವು, ಅವುಗಳಿಗೆ ಎಷ್ಟು ಹೆದರಬೇಕು, ಎಲ್ಲಿ ಎಚ್ಚರ ತಪ್ಪಬಾರದು ಎಂಬುದನ್ನು ತಿಳಿಸುವುದೇ ಇಂದಿನ ಮಾತಿನ ಉದ್ದೇಶ.

ಮೊದಲು ಅನ್ನನಾಳ ಎಂದರೇನು ಎಂಬುದನ್ನು ನೋಡೋಣ. ಗಂಟಲಿನಿಂದ ಜಠರದವರೆಗೆ, ಎದೆಗೂಡಿನ ಒಳಗೆ ಬೆನ್ನೆಲುಬಿನ ಮುಂದೆ ಇಳಿದು ಹೋಗುವ ಕೊಳವೆ ಇದು. ದೊಡ್ಡವರಲ್ಲಿ ಸುಮಾರು 25 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಉದ್ದ. ನಾವು ನುಂಗಿದ ತುತ್ತು ತಾನಾಗಿ ಕೆಳಗೆ ಬೀಳುವುದಿಲ್ಲ. ಕೊಳವೆಯ ಸ್ನಾಯುಗಳು ಅಲೆಅಲೆಯಾಗಿ ಹಿಂಡಿ ಅದನ್ನು ಕೆಳಕ್ಕೆ ತಳ್ಳುತ್ತವೆ. ಕೆಳತುದಿಯಲ್ಲಿ, ಜಠರ ಸೇರುವ ಜಾಗದಲ್ಲಿ, ಬಳೆಯ ಹಾಗೆ ಒಂದು ಬಿಗಿಯಾದ ಸ್ನಾಯು ಇದೆ. ತುತ್ತು ಬಂದಾಗ ಅದು ಸಡಿಲವಾಗುತ್ತದೆ, ಉಳಿದ ಹೊತ್ತು ಮುಚ್ಚಿಕೊಂಡಿರುತ್ತದೆ. ಜಠರದ ಆಮ್ಲ ಮೇಲಕ್ಕೆ ಬಾರದಂತೆ ತಡೆಯುವುದು ಈ ಬಾಗಿಲಿನ ಕೆಲಸ.

ಕೊಳವೆಯ ಒಳಗೋಡೆಗೆ ನಮ್ಮ ಬಾಯಿಯ ಒಳಭಾಗದಂತೆಯೇ ತೆಳು ಗುಲಾಬಿ ಬಣ್ಣದ ಪದರ ಇದೆ. ಹಂಚು ಹೊದಿಸಿದ ಹಾಗೆ ಚಪ್ಪಟೆಯಾದ ಜೀವಕೋಶಗಳು ಒಂದರ ಮೇಲೊಂದು ಕೂತಿರುತ್ತವೆ. ತುತ್ತಿನ ಉಜ್ಜಾಟವನ್ನು ಈ ಪದರ ಚೆನ್ನಾಗಿ ತಡೆದುಕೊಳ್ಳುತ್ತದೆ, ಆಮ್ಲವನ್ನು ಮಾತ್ರ ಹೆಚ್ಚು ದಿನ ತಡೆಯಲಾರದು. ಜಠರಕ್ಕೆ ಆಮ್ಲದಿಂದ ತನ್ನನ್ನು ಕಾಪಾಡಿಕೊಳ್ಳಲು ಲೋಳೆಯ ಹೊದಿಕೆ ಇದೆ. ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ.

ಕ್ಯಾನ್ಸರಿಗೆ ಮುಂಚಿನ ಬದಲಾವಣೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಅನ್ನನಾಳದ ಕೆಳಭಾಗದಲ್ಲಿ ಆಮ್ಲದಿಂದ ಆಗುವಂಥದು. ಇನ್ನೊಂದು ಮೇಲಿನ ಹಾಗೂ ನಡುವಿನ ಭಾಗದಲ್ಲಿ, ಹೊಗೆಸೊಪ್ಪು, ಹೆಂಡ, ಎಲೆಅಡಿಕೆ, ಅತಿ ಬಿಸಿ ಪಾನೀಯ ಇಂಥವುಗಳಿಂದ ಆಗುವಂಥದು. ನಮ್ಮ ದೇಶದಲ್ಲಿ ಎರಡನೆಯದೇ ಹೆಚ್ಚು. ಜಗತ್ತಿನ ಲೆಕ್ಕದಲ್ಲಿಯೂ ಅನ್ನನಾಳದ ಹತ್ತು ಕ್ಯಾನ್ಸರುಗಳಲ್ಲಿ ಎಂಟಕ್ಕಿಂತ ಹೆಚ್ಚು ಈ ಎರಡನೆಯ ಬಗೆಯವೇ.

ಮೊದಲ ಬಗೆಯಿಂದ ಆರಂಭಿಸೋಣ. ಜಠರದ ಬಾಗಿಲು ಸಡಿಲವಾದವರಿಗೆ ಆಮ್ಲ ಮೇಲಕ್ಕೆ ಬರುತ್ತದೆ. ಎದೆಯ ನಡುವೆ ಉರಿ, ಹುಳಿತೇಗು, ಮಲಗಿದಾಗ ಬಾಯಿಗೆ ಹುಳಿನೀರು. ಇದು ವರ್ಷಗಟ್ಟಲೆ ನಡೆದರೆ ಕೆಲವರಲ್ಲಿ ಕೆಳಭಾಗದ ಗುಲಾಬಿ ಪದರ ಸವೆದು, ಆ ಜಾಗದಲ್ಲಿ ಕರುಳಿನ ಪದರವನ್ನು ಹೋಲುವ, ಕೆಂಬಣ್ಣದ ಬೇರೆ ಪದರ ಬೆಳೆಯುತ್ತದೆ. ಉಪ್ಪುನೀರು ನುಗ್ಗಿದ ಗದ್ದೆಯಲ್ಲಿ ಹಳೆಯ ಬೆಳೆ ಸತ್ತು ಉಪ್ಪು ತಡೆಯುವ ಹುಲ್ಲು ಹಬ್ಬುತ್ತದಲ್ಲ, ಹಾಗೆ. ವೈದ್ಯರು ಇದನ್ನು ಬ್ಯಾರೆಟ್ ಅನ್ನನಾಳ ಎನ್ನುತ್ತಾರೆ.

ಈ ಹೆಸರು ಬಂದದ್ದು ನಾರ್ಮನ್ ಬ್ಯಾರೆಟ್ ಎಂಬ ಶಸ್ತ್ರವೈದ್ಯರಿಂದ. ಅವರು 1903ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕೆಲಸ ಮಾಡಿದವರು. 1950ರಲ್ಲಿ ಈ ಕೆಂಪು ಪದರದ ಬಗ್ಗೆ ಬರೆದಾಗ ಇದು ಅನ್ನನಾಳವಲ್ಲ, ಎದೆಯೊಳಕ್ಕೆ ಏರಿಬಂದ ಜಠರ ಎಂದು ಅವರು ಭಾವಿಸಿದ್ದರು. ಅಲ್ಲ, ಇದು ಪದರ ಬದಲಾದ ಅನ್ನನಾಳವೇ ಎಂದು 1953ರಲ್ಲಿ ಆಲಿಸನ್ ಮತ್ತು ಜಾನ್‌ಸ್ಟೋನ್ ಎಂಬ ಇಬ್ಬರು ತೋರಿಸಿದರು. 1957ರಲ್ಲಿ ಬ್ಯಾರೆಟ್ ಅವರೂ ಅದನ್ನು ಒಪ್ಪಿದರು. ಹೆಸರು ಮಾತ್ರ ಬ್ಯಾರೆಟ್ ಅವರದೇ ಉಳಿಯಿತು.

ಇಲ್ಲೊಂದು ವಿಚಿತ್ರ ಇದೆ, ಗಮನವಿಟ್ಟು ಕೇಳಿ. ಹೊಸದಾಗಿ ಬೆಳೆದ ಈ ಪದರಕ್ಕೆ ಆಮ್ಲದ ಉರಿ ಅಷ್ಟಾಗಿ ಗೊತ್ತಾಗುವುದಿಲ್ಲ. ಹತ್ತು ವರ್ಷ ಎದೆಯುರಿಯಿಂದ ನರಳಿದವರಿಗೆ ಉರಿ ತಾನಾಗಿ ಕಡಿಮೆಯಾದಂತೆ ಅನಿಸಬಹುದು. ರೋಗ ಹೋಯಿತೆಂದು ಅವರು ಸಂತೋಷಪಡುತ್ತಾರೆ. ಒಳಗೆ ಆಗಿರುವುದು ಬೇರೆ. ಆದ್ದರಿಂದ ಉರಿ ನಿಂತದ್ದನ್ನೇ ವಾಸಿಯ ಗುರುತೆಂದು ತಿಳಿಯಬಾರದು.

ಹಾಗಾದರೆ ಬ್ಯಾರೆಟ್ ಬದಲಾವಣೆ ಇದೆಯೆಂದರೆ ಕ್ಯಾನ್ಸರ್ ಬಂದಂತೆಯೇ? ಖಂಡಿತ ಅಲ್ಲ. ಡೆನ್ಮಾರ್ಕ್ ದೇಶದಲ್ಲಿ ಈ ಬದಲಾವಣೆ ಇದ್ದ 11,028 ಜನರ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು ಒಬ್ಬರಿಗೆ ಕ್ಯಾನ್ಸರ್ ಬಂದಿತ್ತು. ಉಳಿದ 999 ಜನರಿಗೆ ಆ ವರ್ಷ ಬರಲಿಲ್ಲ. ಹೀಗಾಗಿ ವರದಿಯಲ್ಲಿ ಬ್ಯಾರೆಟ್ ಎಂಬ ಪದ ಕಂಡ ಕೂಡಲೇ ಊಟ ಬಿಟ್ಟು ಕೂರುವ ಅಗತ್ಯವಿಲ್ಲ.

ಆದರೆ ವರದಿಯಲ್ಲಿ ಇನ್ನೊಂದು ಪದ ಇದೆಯೇ ಎಂದು ನೋಡಬೇಕು. ಅದು ಡಿಸ್‌ಪ್ಲೇಸಿಯಾ. ಈ ಪದವನ್ನು ನೆನಪಿನಲ್ಲಿಡಿ. ಸಾಲಾಗಿ ನಾಟಿ ಮಾಡಿದ ಪೈರಿನಂತೆ ಇರಬೇಕಾದ ಜೀವಕೋಶಗಳು ಸಾಲು ತಪ್ಪಿ, ಗಾತ್ರ ಬದಲಾಗಿ, ಬೇಕಾಬಿಟ್ಟಿ ಬೆಳೆಯಲು ಆರಂಭಿಸಿದರೆ ಅದಕ್ಕೆ ಈ ಹೆಸರು. ಕೆಳದರ್ಜೆ, ಮೇಲ್ದರ್ಜೆ ಎಂದು ಅದರಲ್ಲಿ ಎರಡು ಮೆಟ್ಟಿಲು. ಡೆನ್ಮಾರ್ಕಿನ ಅದೇ ಲೆಕ್ಕದಲ್ಲಿ ಕೆಳದರ್ಜೆಯ ಡಿಸ್‌ಪ್ಲೇಸಿಯಾ ಇದ್ದವರಲ್ಲಿ ವರ್ಷಕ್ಕೆ ಸಾವಿರಕ್ಕೆ ಐವರಿಗೆ ಕ್ಯಾನ್ಸರ್ ಬಂದಿತ್ತು. ಮೇಲ್ದರ್ಜೆಯದು ಇನ್ನೂ ಅಪಾಯಕಾರಿ, ಅದನ್ನು ಹಾಗೆಯೇ ಬಿಡುವಂತಿಲ್ಲ.

ಈಗ ನಮ್ಮ ಕಡೆ ಹೆಚ್ಚಾಗಿ ಕಾಣುವ ಎರಡನೆಯ ಬಗೆಗೆ ಬರೋಣ. ಇಲ್ಲಿ ಪದರದ ಜಾತಿ ಬದಲಾಗುವುದಿಲ್ಲ. ಅದೇ ಚಪ್ಪಟೆ ಜೀವಕೋಶಗಳು ಶಿಸ್ತು ಕಳೆದುಕೊಳ್ಳುತ್ತವೆ. ಇದರ ಬಗ್ಗೆ ಹೆಚ್ಚು ತಿಳಿದದ್ದು ಚೀನಾ ದೇಶದಿಂದ. ಅಲ್ಲಿನ ಹೆನಾನ್ ಪ್ರಾಂತ್ಯದ ಲಿನ್‌ಶಿಯನ್ ಎಂಬ ಬೆಟ್ಟದ ತಪ್ಪಲಿನ ಪ್ರದೇಶದಲ್ಲಿ ಅನ್ನನಾಳದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚು ಕಂಡುಬಂದ ಜಾಗಗಳಲ್ಲಿ ಒಂದು. ಜನರಿಗಷ್ಟೇ ಅಲ್ಲ, ಅವರ ಮನೆಯ ಕೋಳಿಗಳಿಗೂ ಗಂಟಲಿನ ಹತ್ತಿರ ಅಂಥದೇ ಗಡ್ಡೆ ಬರುತ್ತಿದ್ದುದನ್ನು ವಿಜ್ಞಾನಿಗಳು ಗಮನಿಸಿದ್ದರು.

ಅಲ್ಲಿ 1987ರಲ್ಲಿ ಅನ್ನನಾಳದ ಪರೀಕ್ಷೆ ಮಾಡಿಸಿಕೊಂಡ 682 ಜನರನ್ನು ಹದಿಮೂರೂವರೆ ವರ್ಷ ಕಾದು ನೋಡಿದರು. ಆರಂಭದಲ್ಲಿ ಒಳಪದರ ಸರಿಯಾಗಿದ್ದವರಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಕ್ಯಾನ್ಸರ್ ಬಂತು. ಅಲ್ಪ ಬದಲಾವಣೆ ಇದ್ದವರಲ್ಲಿ ನೂರಕ್ಕೆ 24, ಮಧ್ಯಮ ಬದಲಾವಣೆ ಇದ್ದವರಲ್ಲಿ ನೂರಕ್ಕೆ 50, ತೀವ್ರ ಬದಲಾವಣೆ ಇದ್ದವರಲ್ಲಿ ನೂರಕ್ಕೆ 74. ಅದು ಅತ್ಯಂತ ಅಪಾಯದ ಪ್ರದೇಶವಾದ್ದರಿಂದ ಈ ಅಂಕಿಗಳನ್ನು ನೇರವಾಗಿ ನಮ್ಮ ಊರುಗಳಿಗೆ ಅನ್ವಯಿಸಬಾರದು. ಆದರೆ ಮೆಟ್ಟಿಲು ಏರಿದಂತೆ ಅಪಾಯ ಹೇಗೆ ಏರುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇನ್ನೊಂದನ್ನೂ ಗಮನಿಸಿ. ಅಂಥ ಜಾಗದಲ್ಲಿ ಕೂಡ ಅಲ್ಪ ಬದಲಾವಣೆ ಇದ್ದ ನಾಲ್ವರಲ್ಲಿ ಮೂವರಿಗೆ ಹದಿಮೂರು ವರ್ಷ ಕಳೆದರೂ ಕ್ಯಾನ್ಸರ್ ಬರಲಿಲ್ಲ.

ಚೀನಾದ ಇನ್ನೊಂದು ಪ್ರದೇಶ ಸಿಶಿಯನ್. ಅಲ್ಲಿ 40ರಿಂದ 69 ವಯಸ್ಸಿನವರಿಗೆ ಒಂದೇ ಒಂದು ಸಲ ಅನ್ನನಾಳದ ಪರೀಕ್ಷೆ ಮಾಡಿ, ಬದಲಾವಣೆ ಕಂಡವರಿಗೆ ಚಿಕಿತ್ಸೆ ಕೊಟ್ಟರು. ಹತ್ತು ವರ್ಷಗಳ ನಂತರ ನೋಡಿದಾಗ, ಪರೀಕ್ಷೆಗೆ ಆಹ್ವಾನಿಸಿದ ಹಳ್ಳಿಗಳಲ್ಲಿ ಈ ಕ್ಯಾನ್ಸರಿನಿಂದ ಸತ್ತವರ ಪ್ರಮಾಣ ಉಳಿದ ಹಳ್ಳಿಗಳಿಗಿಂತ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗಿತ್ತು. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮುಂಚಿತವಾಗಿ ಕಂಡುಹಿಡಿದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅಲ್ಲಿ ಬಳಸಿದ ಉಪಾಯ ಬಹಳ ಸರಳ. ಕೊಳವೆಯ ಒಳಗೆ ಅಯೋಡಿನ್ ದ್ರಾವಣ ಸಿಂಪಡಿಸುತ್ತಾರೆ. ಆರೋಗ್ಯದ ಜೀವಕೋಶಗಳಲ್ಲಿ ಒಂದು ಬಗೆಯ ಪಿಷ್ಟ ಇರುವುದರಿಂದ ಅವು ಕಂದು ಬಣ್ಣಕ್ಕೆ ತಿರುಗುತ್ತವೆ. ಕೆಟ್ಟ ಜೀವಕೋಶಗಳಲ್ಲಿ ಅದು ಇಲ್ಲವಾದ್ದರಿಂದ ಅವು ಬಣ್ಣ ಹಿಡಿಯದೆ ಬೇರೆಯಾಗಿ ಕಾಣುತ್ತವೆ. ಎಲ್ಲಿಂದ ಚೂರು ತೆಗೆದು ನೋಡಬೇಕು ಎಂಬುದು ವೈದ್ಯರಿಗೆ ಕೂಡಲೇ ತಿಳಿಯುತ್ತದೆ.

ಈಗ ಕಾರಣಗಳನ್ನು ನೋಡೋಣ. ಎಲ್ಲಕ್ಕಿಂತ ಮೊದಲು ಹೊಗೆಸೊಪ್ಪು. ಬೀಡಿ, ಸಿಗರೇಟು ಸೇದಿದರೂ, ಸುಣ್ಣದ ಜೊತೆ ತಿಕ್ಕಿ ದವಡೆಗೆ ಇಟ್ಟರೂ, ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಹೆಂಗಸರು ಹಲ್ಲಿಗೆ ಉಜ್ಜುವ ಮಿಶ್ರಿಯಾದರೂ, ಎಲ್ಲವೂ ಹೊಗೆಸೊಪ್ಪೇ. ಅದರ ರಸ ಉಗುಳಿನೊಂದಿಗೆ ಅನ್ನನಾಳದ ಗೋಡೆಗೆ ತಗಲುತ್ತಲೇ ಇಳಿಯುತ್ತದೆ. ಎರಡನೆಯದು ಹೆಂಡ, ಸಾರಾಯಿ. ಈ ಎರಡೂ ಚಟಗಳು ಒಬ್ಬರಲ್ಲೇ ಸೇರಿದರೆ ಅಪಾಯ ಕೂಡಿದಷ್ಟೇ ಆಗುವುದಿಲ್ಲ, ಗುಣಿಸಿದ ಹಾಗೆ ಬೆಳೆಯುತ್ತದೆ.

ಮೂರನೆಯದು ಎಲೆಅಡಿಕೆ. ಈ ಮಾತು ಕಾಸರಗೋಡಿನ ಕಡೆಯ ಬಂಧುಗಳಿಗೆ ಹಿಡಿಸಲಿಕ್ಕಿಲ್ಲ. ಅಲ್ಲಿ ಅಡಿಕೆ ಅನ್ನ ಕೊಡುವ ಬೆಳೆ, ಮಕ್ಕಳ ಓದು, ಮದುವೆ ನಡೆಯುವುದು ಅಡಿಕೆಯ ಹಣದಿಂದಲೇ. ಆದರೂ ಇರುವುದನ್ನು ಇದ್ದ ಹಾಗೆ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಹೊಗೆಸೊಪ್ಪು ಹಾಕದೆ ಜಗಿಯುವ ಎಲೆಅಡಿಕೆಯಿಂದಲೂ ಬಾಯಿ ಮತ್ತು ಅನ್ನನಾಳದ ಕ್ಯಾನ್ಸರ್ ಬರಬಹುದೆಂದು 2012ರ ವರದಿ ಹೇಳಿತು. ಶುಭಕಾರ್ಯದಲ್ಲಿ ತಾಂಬೂಲ ಕೊಡುವ ಪದ್ಧತಿಯನ್ನು ಬಿಡಿ ಎಂದು ಇದರ ಅರ್ಥವಲ್ಲ. ಎದ್ದಾಗಿನಿಂದ ಮಲಗುವವರೆಗೆ ಜಗಿಯುವ ಅಭ್ಯಾಸ ಮಾತ್ರ ಬೇಡ. ಗುಟ್ಕಾದಲ್ಲಿ ಅಡಿಕೆ, ಹೊಗೆಸೊಪ್ಪು ಎರಡೂ ಇವೆ. ಕೇರಳ ಮತ್ತು ಮಹಾರಾಷ್ಟ್ರದಲ್ಲಿ 2012ರಲ್ಲಿ, ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ನಿಷೇಧವಾದ ಪೊಟ್ಟಣ ಗಡಿಯ ಆಚೆಯಿಂದ ಬಂದರೂ ಈಚೆಯದೇ ಆದರೂ ಗಂಟಲೊಳಗೆ ಮಾಡುವ ಕೆಲಸ ಒಂದೇ.

ನಾಲ್ಕನೆಯದು ಅತಿ ಬಿಸಿ ಕಾಫಿ, ಚಹಾ. ಇರಾನಿನ ಗೊಲೆಸ್ತಾನ್ ಪ್ರಾಂತ್ಯದಲ್ಲಿ ಸುಮಾರು 50,000 ಜನರನ್ನು ಹಲವು ವರ್ಷ ಗಮನಿಸಿದ್ದಾರೆ. ದಿನಕ್ಕೆ 700 ಮಿಲಿಲೀಟರಿಗಿಂತ ಹೆಚ್ಚು ಚಹಾವನ್ನು 60 ಡಿಗ್ರಿಗೂ ಮೀರಿದ ಬಿಸಿಯಲ್ಲಿ ಕುಡಿಯುವವರಿಗೆ ಈ ಕ್ಯಾನ್ಸರಿನ ಅಪಾಯ, ಕಡಿಮೆ ಚಹಾವನ್ನು ಆರಿಸಿ ಕುಡಿಯುವವರಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಎಂದು 2019ರಲ್ಲಿ ವರದಿಯಾಯಿತು. ತಪ್ಪು ಚಹಾದ್ದಲ್ಲ, ಬಿಸಿಯದು. ಒಲೆಯಿಂದ ಇಳಿಸಿದ್ದನ್ನು ಲೋಟದಿಂದ ಲೋಟಕ್ಕೆ ನಾಲ್ಕು ಸಲ ಹೊಯ್ದು, ತುಟಿಗೆ ಹಿತವಾದ ಮೇಲೆ ಕುಡಿದರೆ ಸಾಕು. ನೀಲಗಿರಿಯ ಚಳಿಯಲ್ಲಿ ಕೂತು ಕೇಳುತ್ತಿರುವ ಬಂಧುಗಳು ಇದನ್ನು ವಿಶೇಷವಾಗಿ ನೆನಪಿಡಬೇಕು.

ಐದನೆಯದು ಪುಷ್ಟಿಯ ಕೊರತೆ. ಹಣ್ಣು, ಸೊಪ್ಪು, ತರಕಾರಿ ಇಲ್ಲದ ಊಟ ಅನ್ನನಾಳದ ಒಳಪದರವನ್ನು ದುರ್ಬಲಗೊಳಿಸುತ್ತದೆ. ಇಲ್ಲಿ ಹೆಂಗಸರಿಗೆ ಸಂಬಂಧಿಸಿದ ಒಂದು ಮಾತಿದೆ. ಬಹುಕಾಲ ರಕ್ತಹೀನತೆಯಿಂದ ಬಳಲುವ ಹೆಂಗಸರಲ್ಲಿ ಕೆಲವರಿಗೆ ಅನ್ನನಾಳದ ಮೇಲ್ತುದಿಯಲ್ಲಿ ಜೇಡರ ಬಲೆಯಂಥ ತೆಳು ಪೊರೆ ಬೆಳೆದು ನುಂಗಲು ಕಷ್ಟವಾಗುತ್ತದೆ. ನಾಲಿಗೆ ನುಣ್ಣಗಾಗುತ್ತದೆ, ಬಾಯಿಯ ಅಂಚು ಬಿರಿಯುತ್ತದೆ, ಉಗುರು ಚಮಚದಂತೆ ಬಾಗುತ್ತದೆ. ಇದೂ ಕ್ಯಾನ್ಸರಿಗೆ ಮುಂಚಿನ ಸ್ಥಿತಿಗಳಲ್ಲಿ ಒಂದು. ಸಂತೋಷದ ಸಂಗತಿ ಎಂದರೆ, ಹೊತ್ತಿಗೆ ಸರಿಯಾಗಿ ಕಬ್ಬಿಣದ ಮಾತ್ರೆ ಕೊಟ್ಟರೆ ಅನೇಕರಲ್ಲಿ ನುಂಗುವ ತೊಂದರೆ ತಾನಾಗಿ ಕಡಿಮೆಯಾಗುತ್ತದೆ. ಪೊರೆಯನ್ನು ಹಿಗ್ಗಿಸಬೇಕಾದರೂ ಅದು ಸಣ್ಣ ಕೆಲಸ.

ಇಷ್ಟೆಲ್ಲ ಕೇಳಿದ ಮೇಲೆ ನಿಮಗೊಂದು ಪ್ರಶ್ನೆ ಬರಬಹುದು. ಒಳಗೆ ಬದಲಾವಣೆ ಆಗುತ್ತಿದ್ದರೆ ನಮಗೆ ಗೊತ್ತಾಗುವುದು ಹೇಗೆ? ಕಷ್ಟ ಇರುವುದು ಇಲ್ಲಿಯೇ. ಕ್ಯಾನ್ಸರಿಗೆ ಮುಂಚಿನ ಬದಲಾವಣೆ ನೋವು ಕೊಡುವುದಿಲ್ಲ. ಅನ್ನನಾಳ ಹಿಗ್ಗುವ ಕೊಳವೆಯಾದ್ದರಿಂದ ಗಡ್ಡೆ ಬೆಳೆಯತೊಡಗಿದರೂ ತುತ್ತು ಪಕ್ಕದಿಂದ ಇಳಿದುಹೋಗುತ್ತದೆ. ನಾಳ ಸಾಕಷ್ಟು ಕಿರಿದಾದ ಮೇಲೆಯೇ ತುತ್ತು ಸಿಕ್ಕಿಕೊಳ್ಳುವುದು. ಹಾಗಾಗಿ ತುತ್ತು ಸಿಕ್ಕಿಕೊಳ್ಳುವ ಅನುಭವ ಒಂದೆರಡು ವಾರ ಮುಂದುವರಿದರೆ ಒಂದು ದಿನವನ್ನೂ ವ್ಯರ್ಥ ಮಾಡಬಾರದು.

ಇದನ್ನು ಮೊದಲು ಗಮನಿಸುವವರು ಬಹುಮಟ್ಟಿಗೆ ಅಡಿಗೆ ಮಾಡುವವರು. ಮನೆಯ ಯಜಮಾನರು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಆದರೆ ಎರಡು ಜೋಳದ ರೊಟ್ಟಿ ತಿನ್ನುತ್ತಿದ್ದವರು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನತೊಡಗುತ್ತಾರೆ. ಸ್ವಲ್ಪ ದಿನಕ್ಕೆ ರೊಟ್ಟಿ ಬೇಡ, ಅನ್ನ ಮೆತ್ತಗೆ ಮಾಡು ಎನ್ನುತ್ತಾರೆ. ಮಡಕಶಿರಾ, ಹೊಸೂರಿನ ಕಡೆಯಾದರೆ ಮುದ್ದೆ ಬಿಟ್ಟು ಅಂಬಲಿ ಕೇಳುತ್ತಾರೆ. ಕಾಸರಗೋಡಿನಲ್ಲಾದರೆ ಗಂಜಿಯ ಅಗುಳನ್ನು ಬಿಟ್ಟು ತಿಳಿಯನ್ನಷ್ಟೇ ಕುಡಿಯುತ್ತಾರೆ. ಪ್ರತಿ ತುತ್ತಿಗೂ ನೀರು ಬೇಕಾಗುತ್ತದೆ. ಊಟಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ಅಂಗಿ ಸಡಿಲವಾಗುತ್ತದೆ. ವಯಸ್ಸಾಯಿತು, ಹಲ್ಲು ಹೋಯಿತು ಎಂದು ಎಲ್ಲರೂ ಸುಮ್ಮನಾಗುತ್ತಾರೆ. ತಾಯಂದಿರೇ, ಅಕ್ಕತಂಗಿಯರೇ, ಗಟ್ಟಿ ಊಟದಿಂದ ಮೆತ್ತನೆಯದಕ್ಕೆ, ಮೆತ್ತನೆಯದರಿಂದ ನೀರಾದದ್ದಕ್ಕೆ ಇಳಿಯುವ ಈ ಕ್ರಮವನ್ನು ನೀವು ಕಂಡರೆ, ಅವರು ಬೇಡವೆಂದರೂ ಆಸ್ಪತ್ರೆಗೆ ಹೊರಡಿಸಿ.

ಇನ್ನಿತರ ಎಚ್ಚರಿಕೆಯ ಗುರುತುಗಳೂ ಇವೆ. ಕಾರಣವಿಲ್ಲದೆ ತೂಕ ಇಳಿಯುವುದು, ನುಂಗುವಾಗ ನೋವು, ವಾಂತಿಯಲ್ಲಿ ರಕ್ತ, ಟಾರಿನಂತೆ ಕಪ್ಪಾದ ಮಲ, ವಾರಗಟ್ಟಲೆ ಬಿಡದ ಗೊಗ್ಗರು ದನಿ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಎದೆಯುರಿ. ಇವುಗಳಲ್ಲಿ ಒಂದು ಇದ್ದರೂ ಅಂಗಡಿಯ ಮಾತ್ರೆಯಿಂದ ಸಮಾಧಾನಪಡಬಾರದು. ಐದು ವರ್ಷಕ್ಕೂ ಮೀರಿ ಎದೆಯುರಿ ಇದ್ದು, ಜೊತೆಗೆ ಹೊಟ್ಟೆಯ ಬೊಜ್ಜು, ಬೀಡಿ ಸಿಗರೇಟಿನ ಚಟ ಇರುವ, ಐವತ್ತು ದಾಟಿದ ಗಂಡಸರು ಯಾವ ಗುರುತೂ ಇಲ್ಲದಿದ್ದರೂ ಒಂದು ಸಲ ವೈದ್ಯರನ್ನು ಕಂಡು ವಿಚಾರಿಸುವುದು ಒಳ್ಳೆಯದು. ಎದೆಯುರಿಯ ಜೊತೆ ಬೆವರು, ಉಸಿರುಕಟ್ಟು, ಎಡತೋಳಿಗೆ ಅಥವಾ ದವಡೆಗೆ ಹರಡುವ ನೋವು ಇದ್ದರೆ ಅದು ಹೃದಯದ ತೊಂದರೆ ಇರಬಹುದು. ಆಗ ಕ್ಷಣವೂ ಕಾಯದೆ ಆಸ್ಪತ್ರೆ ಸೇರಬೇಕು.

ಗಡಿಯ ಊರಿನವರಾದ ನಮಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮತ್ತೊಂದು ಭಾಷೆ. ಸಂತೆಯ ವ್ಯವಹಾರಕ್ಕೆ ಆ ಭಾಷೆ ಧಾರಾಳ ಬರುತ್ತದೆ. ಆದರೆ ಮೈಯೊಳಗಿನ ತೊಂದರೆಯನ್ನು ಹೇಳುವಾಗ ಮಾತು ಸಾಲದು. ಕೊನೆಗೆ ಎಲ್ಲ ಭಾಷೆಯಲ್ಲೂ ಇರುವ ಒಂದೇ ಪದ ಹೇಳಿಬಿಡುತ್ತೇವೆ, ಗ್ಯಾಸ್. ಎದೆಯುರಿಗೂ ಗ್ಯಾಸ್, ಹೊಟ್ಟೆಯುಬ್ಬರಕ್ಕೂ ಗ್ಯಾಸ್, ತುತ್ತು ಸಿಕ್ಕಿಕೊಂಡರೂ ಗ್ಯಾಸ್. ನೂರು ಜನ ಕಾಯುತ್ತಿರುವ ಆಸ್ಪತ್ರೆಯಲ್ಲಿ ಗ್ಯಾಸ್ ಎಂದರೆ ಗ್ಯಾಸಿನ ಮಾತ್ರೆ ಬರೆದುಕೊಡುತ್ತಾರೆ. ಮಾತ್ರೆಯಿಂದ ಕೆಲವು ತಿಂಗಳು ಉರಿ ಕಡಿಮೆಯಾಗುತ್ತದೆ. ಒಳಗಿನದು ಬೆಳೆಯುತ್ತಾ ಹೋಗುತ್ತದೆ.

ಆದ್ದರಿಂದ ಈ ಎರಡು ದೂರುಗಳನ್ನು ಬೇರೆ ಬೇರೆಯಾಗಿ ಹೇಳಲು ಕಲಿಯಿರಿ. ಎದೆಯುರಿಗೆ ಮಲಯಾಳದಲ್ಲಿ ನೆಂಜೆರಿಚ್ಚಿಲ್, ತಮಿಳಿನಲ್ಲಿ ನೆಂಜೆರಿಚ್ಚಲ್, ತೆಲುಗಿನಲ್ಲಿ ಗುಂಡೆಲ್ಲೋ ಮಂಟ, ಮರಾಠಿಯಲ್ಲಿ ಛಾತೀತ ಜಳಜಳ. ತುತ್ತು ಇಳಿಯುತ್ತಿಲ್ಲ ಎಂಬುದಕ್ಕೆ ಮರಾಠಿಯಲ್ಲಿ ಘಾಸ ಅಡಕತೋ ಎನ್ನಿ, ತೆಲುಗಿನಲ್ಲಿ ಮುದ್ದ ದಿಗಡಂ ಲೇದು ಎನ್ನಿ. ಮಾತು ಬಾರದಿದ್ದರೆ ಎದೆಯ ಯಾವ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸಿ. ಎಷ್ಟು ದಿನದಿಂದ, ಮೊದಲು ರೊಟ್ಟಿಗೋ ಈಗ ಗಂಜಿಗೂ ಸಹವೋ, ತೂಕ ಎಷ್ಟು ಇಳಿಯಿತು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಶಾಲೆಗೆ ಹೋಗುವ ಮಕ್ಕಳಿಂದ ಆ ನಾಡಿನ ಭಾಷೆಯಲ್ಲಿ ಬರೆಸಿದರೂ ಆಯಿತು.

ವೈದ್ಯರು ಎಂಡೋಸ್ಕೋಪಿ ಮಾಡಿಸಲು ಹೇಳಬಹುದು. ಹೆದರಬೇಡಿ. ಕಿರುಬೆರಳಿನಷ್ಟು ದಪ್ಪದ, ಬಾಗುವ ಕೊಳವೆ ಅದು. ತುದಿಯಲ್ಲಿ ಬೆಳಕು ಮತ್ತು ಕ್ಯಾಮೆರಾ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ ಬಾಯಿಯಿಂದ ಒಳಗೆ ಬಿಡುತ್ತಾರೆ. ಸ್ವಲ್ಪ ಓಕರಿಕೆ ಬರುತ್ತದೆ, ನಿಜ. ಆದರೆ ಹೆಚ್ಚೆಂದರೆ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಅನುಮಾನ ಬಂದ ಜಾಗದಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರು ತೆಗೆಯುತ್ತಾರೆ. ಅದೇ ಬಯಾಪ್ಸಿ. ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ಹಳ್ಳಿಗಳಲ್ಲಿ ಓಡಾಡುತ್ತದೆ. ಆ ಹೆದರಿಕೆಯಿಂದ ಪರೀಕ್ಷೆ ತಪ್ಪಿಸಿಕೊಳ್ಳಬೇಡಿ. ಚೂರು ನೋಡದೆ ಏನಿದೆ ಎಂದು ಯಾರೂ ಖಚಿತವಾಗಿ ಹೇಳಲಾರರು.

ವರದಿ ಬಂದಾಗ ವೈದ್ಯರನ್ನು ಮೂರು ಪ್ರಶ್ನೆ ಕೇಳಿ. ಡಿಸ್‌ಪ್ಲೇಸಿಯಾ ಇದೆಯೇ? ಇದ್ದರೆ ಯಾವ ದರ್ಜೆ? ಮುಂದಿನ ಪರೀಕ್ಷೆ ಯಾವಾಗ? ಡಿಸ್‌ಪ್ಲೇಸಿಯಾ ಇಲ್ಲದ ಬ್ಯಾರೆಟ್ ಬದಲಾವಣೆಗೆ ಆಮ್ಲ ತಗ್ಗಿಸುವ ಔಷಧಿ ಮತ್ತು ಮೂರರಿಂದ ಐದು ವರ್ಷಕ್ಕೊಮ್ಮೆ ಪರೀಕ್ಷೆ ಸಾಕಾಗುತ್ತದೆ. ಕೆಳದರ್ಜೆಯ ಡಿಸ್‌ಪ್ಲೇಸಿಯಾ ಇದ್ದರೆ ಇನ್ನೊಬ್ಬ ತಜ್ಞರೂ ಆ ಚೂರನ್ನು ನೋಡಿ ಖಚಿತಪಡಿಸುವುದು ವಾಡಿಕೆ. ಮೇಲ್ದರ್ಜೆಯದಾದರೆ ಚಿಕಿತ್ಸೆ ಬೇಕೇ ಬೇಕು. ಹಿಂದೆ ಇದಕ್ಕೆ ಎದೆ ತೆರೆದು ಅನ್ನನಾಳವನ್ನೇ ತೆಗೆಯುತ್ತಿದ್ದರು. ಈಗ ಎಂಡೋಸ್ಕೋಪಿಯ ಕೊಳವೆಯ ಮೂಲಕವೇ ಕೆಟ್ಟ ಪದರವನ್ನು ಕೆತ್ತಿ ತೆಗೆಯುವ, ಶಾಖ ಕೊಟ್ಟು ಸುಡುವ ವಿಧಾನಗಳಿವೆ. ಡಿಸ್‌ಪ್ಲೇಸಿಯಾ ಇದ್ದ 127 ಜನರ ಮೇಲೆ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಶಾಖದ ಚಿಕಿತ್ಸೆ ಪಡೆದ ಕೆಳದರ್ಜೆಯವರಲ್ಲಿ ನೂರಕ್ಕೆ 90 ಜನರಲ್ಲಿ, ಮೇಲ್ದರ್ಜೆಯವರಲ್ಲಿ ನೂರಕ್ಕೆ 81 ಜನರಲ್ಲಿ ವರ್ಷದೊಳಗೆ ಡಿಸ್‌ಪ್ಲೇಸಿಯಾ ಮಾಯವಾಗಿತ್ತು.

ನಮ್ಮ ಗಡಿನಾಡಿಗೆ ಎಟುಕುವ ದೊಡ್ಡ ಆಸ್ಪತ್ರೆಗಳೂ ಇವೆ. ಕಾಸರಗೋಡು, ವಯನಾಡಿನವರಿಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರ, ಸೊಲ್ಲಾಪುರದ ಕಡೆಯವರಿಗೆ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ, ತೆಲಂಗಾಣದವರಿಗೆ ಹೈದರಾಬಾದಿನ ಎಂ.ಎನ್.ಜೆ. ಸಂಸ್ಥೆ, ಹೊಸೂರು, ತಾಳವಾಡಿ, ಮಡಕಶಿರಾ ಕಡೆಯವರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ. ಒಂದು ರಾಜ್ಯದ ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ವರದಿಯ ಕಾಗದ ಮಾತ್ರ ಸಾಲದು. ಬಯಾಪ್ಸಿಯ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕನ್ನು ಕೇಳಿ ಪಡೆದುಕೊಂಡು ಹೋಗಿ. ಇಲ್ಲವಾದರೆ ಮತ್ತೆ ಮೊದಲಿನಿಂದ ಪರೀಕ್ಷೆ ಆಗಬೇಕಾದೀತು, ದಿನಗಳು ಕಳೆದುಹೋದಾವು. ಸರ್ಕಾರದ ವಿಮಾ ಕಾರ್ಡು ಬೇರೆ ರಾಜ್ಯದಲ್ಲಿ ನಡೆಯುತ್ತದೆಯೇ ಎಂಬುದನ್ನೂ ಹೊರಡುವ ಮೊದಲೇ ವಿಚಾರಿಸಿ.

ಕೊನೆಯದಾಗಿ ಮನೆಯಲ್ಲೇ ಮಾಡಬಹುದಾದ ಕೆಲವು ಸಂಗತಿಗಳು. ಹೊಗೆಸೊಪ್ಪು, ಗುಟ್ಕಾ, ಹೆಂಡ ಬಿಡಿ. ಎಷ್ಟೇ ವಯಸ್ಸಾಗಿದ್ದರೂ ಬಿಟ್ಟರೆ ಲಾಭವಿದೆ. ಎದೆಯುರಿ ಇರುವವರು ರಾತ್ರಿ ಊಟವಾಗಿ ಮೂರು ಗಂಟೆಯಾದ ಮೇಲೆ ಮಲಗಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಆರೆಂಟು ಅಂಗುಲ ಎತ್ತರಿಸಿ, ಎಡಮಗ್ಗುಲಿಗೆ ಮಲಗಿ. ಬೊಜ್ಜು ಕರಗಿಸಿ. ಹಿತ್ತಲಿನ ಸೊಪ್ಪು, ಪೇರಲೆ, ಪಪ್ಪಾಯಿ, ನೆಲ್ಲಿಕಾಯಿ ದಿನದ ಊಟದಲ್ಲಿರಲಿ.

ಅನ್ನನಾಳದಲ್ಲಿ ಬದಲಾವಣೆ ಇದೆ ಎಂದು ತಿಳಿದವರು ಎದೆಗುಂದಬೇಕಿಲ್ಲ. ಅವರ ಕೈಯಲ್ಲಿ ಇನ್ನೂ ಕಾಲಾವಕಾಶ ಇದೆ. ಹೇಳಿದ ದಿನಕ್ಕೆ ತಪ್ಪದೆ ಪರೀಕ್ಷೆಗೆ ಹೋದರೆ ಆಯಿತು. ಹೆಚ್ಚು ಅಪಾಯವಿರುವುದು ತುತ್ತು ಸಿಕ್ಕಿಕೊಂಡರೂ ನೀರು ಕುಡಿದು ಸುಮ್ಮನಾಗುವವರಿಗೆ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಅಂಥವರು ಯಾರಾದರೂ ಇದ್ದರೆ, ಈ ಮಾತನ್ನು ನಾಳೆಯೇ ಅವರ ಕಿವಿಗೆ ಹಾಕಿ. ಸಾಧ್ಯವಾದರೆ ಜೊತೆಗೆ ನೀವೂ ಆಸ್ಪತ್ರೆಗೆ ಹೋಗಿಬನ್ನಿ.